ಚಿಕ್ಕಲಸಂದ್ರದಲ್ಲಿ ನನ್ನ ಕಲಾವ್ಯಾಪಾರ

ಗಂಡಸಿಗೆ ನಲವತ್ತೈದು ತುಂಬಿದಾಗ ಎರಡರಲ್ಲಿ ಒಂದು ಬರುತ್ತದಂತೆ. ಸಕ್ಕರೆ ಕಾಯಿಲೆ, ಇಲ್ಲವೇ ಜ್ಞಾನೋದಯ. ನನಗೆ ಎರಡನೆಯದು ಬಂತು. ಸಕ್ಕರೆ ಕಾಯಿಲೆಯವರನ್ನು ಕಂಡು ಆಗ ನಾನು ಮರುಗುತ್ತಿದ್ದೆ, ಪಾಪ, ಇವರಿಗೆ ಜ್ಞಾನೋದಯದ ಭಾಗ್ಯವಿಲ್ಲವಲ್ಲ ಎಂದು! ಈಗ ಅವರನ್ನು ಕಂಡರೆ ಹೊಟ್ಟೆಕಿಚ್ಚಾಗುತ್ತದೆ. ಅವರಿಗೆ ಔಷಧವಾದರೂ ಇದೆ.

ಆಗ ಜಯನಗರ ಹೆಸರಿಗೆ ಮಾತ್ರ ನಗರ. ನಾಲ್ಕನೇ ಬ್ಲಾಕಿನಲ್ಲಿ ನಮ್ಮದೊಂದು ಹೆಂಚಿನ ಮನೆ, ಹಿಂದೆ ರಾಗಿ ಹೊಲ, ಹೊಲದಾಚೆ ನರಿಗಳ ಸಂಸಾರ. ಮಗಳು ಮದುವೆಯಾಗಿ ಶಿವಮೊಗ್ಗ ಸೇರಿದ್ದಳು. ಮಗ ಮೈಸೂರಿನ ಹಾಸ್ಟೆಲಿನಲ್ಲಿದ್ದ. ಮನೆಯಲ್ಲಿ ನಾನು ಮತ್ತು ನನ್ನ ಹೆಂಡತಿ ಕಮಲ ಇಬ್ಬರೇ. ಸರ್ಕಾರಿ ಕಚೇರಿಯೊಂದರಲ್ಲಿ ನಾನು ಹೆಡ್ ಗುಮಾಸ್ತ. ಮೇಲಿನವರು ಫೈಲಿನ ಮೇಲೆ 'ಪರಿಶೀಲಿಸಿ' ಎಂದು ಬರೆದು ಕಳಿಸುತ್ತಿದ್ದರು. ನಾನು 'ಪರಿಶೀಲಿಸಲಾಗಿದೆ' ಎಂದು ಬರೆದು ವಾಪಸು ಕಳಿಸುತ್ತಿದ್ದೆ. ದೇಶ ಹೀಗೆ ಮುನ್ನಡೆಯುತ್ತಿತ್ತು.

ಇಂಥ ಹೊತ್ತಿನಲ್ಲಿ ಬಾಡಿಗೆ ಪುಸ್ತಕದ ಅಂಗಡಿಯಿಂದ ಒಂದು ಕಾದಂಬರಿ ತಂದೆ. ಯಾರೋ ಫ್ರೆಂಚ್ ಲೇಖಕ ಬರೆದದ್ದು, ಇಂಗ್ಲಿಷಿಗೆ ಇಳಿದದ್ದು. ಅದರ ನಾಯಕನಿಗೆ ನನ್ನದೇ ವಯಸ್ಸು. ಪ್ಯಾರಿಸಿನಲ್ಲಿ ಹಳೆಯ ಚಿತ್ರಗಳನ್ನು ಕೊಂಡು ಮಾರುವ ವ್ಯಾಪಾರಿ. ಒಂದು ಬೆಳಿಗ್ಗೆ ಕಾಫಿ ಕುಡಿಯುತ್ತ ಕೂತವನಿಗೆ ಇದ್ದಕ್ಕಿದ್ದ ಹಾಗೆ ಬದುಕು ಸಪ್ಪೆ ಅನ್ನಿಸುತ್ತದೆ. ಟೋಪಿ ಹಾಕಿಕೊಂಡು ಹೊರಟೇಬಿಡುತ್ತಾನೆ! ಆಮೇಲೆ ಹಡಗು, ಬಿರುಗಾಳಿ, ಯಾವುದೋ ದ್ವೀಪದ ಹಾಳು ಮಠ, ಅಲ್ಲಿ ನೂರಾರು ವರ್ಷಗಳಿಂದ ಯಾರ ಕಣ್ಣಿಗೂ ಬೀಳದ ಒಂದು ಚಿತ್ರ. ಲೇಖಕ ಬಲು ಚೇಷ್ಟೆಯವನು. ತನ್ನ ನಾಯಕನನ್ನು ಪುಟಪುಟಕ್ಕೂ ಗೇಲಿ ಮಾಡಿದ್ದ. ಆದರೆ ಅದು ಗೇಲಿ ಎಂದು ನನಗೆ ಹೊಳೆದದ್ದು ಎಲ್ಲ ಮುಗಿದ ಮೇಲೆ. ಆಗ ಆ ಪುಸ್ತಕವನ್ನು ನಾನು ಮಾರ್ಗದರ್ಶಿ ಎಂದೇ ಓದಿದೆ.

ಮಾರನೆಯ ಬೆಳಿಗ್ಗೆ ಊಟಕ್ಕೆ ಕೂತವನು ಘೋಷಿಸಿದೆ: "ಕಮಲಾ, ನನಗೆ ಬದುಕು ಸಪ್ಪೆ ಅನ್ನಿಸ್ತಿದೆ."

"ಉಪ್ಪು ಪಕ್ಕದಲ್ಲೇ ಇದೆ, ಹಾಕ್ಕೊಳ್ಳಿ."

"ನಾನು ಹುಳಿ ವಿಷಯ ಹೇಳ್ತಿಲ್ಲ ಕಣೇ. ಪ್ಯಾರಿಸಿನಲ್ಲಿ ಒಬ್ಬ ಇದ್ದಾನೆ. ನನ್ನ ವಯಸ್ಸಿನೋನು. ಎಲ್ಲಾ ಬಿಟ್ಟು ಹೊರಟುಬಿಟ್ಟ."

"ಹೋಗ್ಲಿ ಪಾಪ. ಹೋಗೋಕೆ ಮುಂಚೆ ಬಾವಿ ರಾಟೆಗೆ ಎಣ್ಣೆ ಬಿಟ್ಟು ಹೋದ್ನಂತಾ? ನಾನು ದೀಪಾವಳಿಯಿಂದ ಬಡ್ಕೋತಿದೀನಿ."

ಸಾಹಸಿಗಳ ಹೆಂಡತಿಯರು ಎಲ್ಲ ದೇಶದಲ್ಲೂ ಹೀಗೆಯೇ ಇರುತ್ತಾರೆ ಎಂದುಕೊಂಡು ಕೈ ತೊಳೆದೆ. ರಾಟೆಗೆ ಎಣ್ಣೆ ಬಿಡಲಿಲ್ಲ.

ದೈವಸಂಕಲ್ಪ ನೋಡಿ, ಅದೇ ವಾರ ನಮ್ಮ ಕಚೇರಿಗೆ ನಿಜವಾದ ಫ್ರೆಂಚ್ ಮನುಷ್ಯನೊಬ್ಬ ಬಂದ! ಯಾವುದೋ ಕಾರ್ಖಾನೆಗೆ ಯಂತ್ರ ಜೋಡಿಸಲು ಬಂದಿದ್ದ ಎಂಜಿನಿಯರು. ಉದ್ದಕ್ಕೆ, ಕೆಂಪಗೆ, ಬಹಳ ಮರ್ಯಾದಸ್ಥ. ಕಾಗದಕ್ಕೊಂದು ಮೊಹರು ಬೀಳುವವರೆಗೆ ನನ್ನ ಮೇಜಿನ ಮುಂದೆ ಕೂರಬೇಕಾಗಿ ಬಂತು. ಸುಮ್ಮನೆ ಕೂರಲಾರದೆ, ಈ ಕಡೆ ಹಳೆಯ ಚಿತ್ರಗಳು ಎಲ್ಲಾದರೂ ನೋಡಲು ಸಿಗುತ್ತವೆಯೇ, ತನಗೆ ಅವುಗಳ ಹುಚ್ಚು ಎಂದ. 'ಗೊತ್ತಿಲ್ಲ' ಎನ್ನುವುದು ಹೆಡ್ ಗುಮಾಸ್ತನ ಧರ್ಮ. ಆದರೆ ನನ್ನ ಬಾಯಿಂದ ಬಂದದ್ದು ಬೇರೆಯೇ.

"ನಾನು ಅದೇ ವ್ಯಾಪಾರದಲ್ಲಿದ್ದೇನೆ," ಎಂದೆ ಇಂಗ್ಲಿಷಿನಲ್ಲಿ. "ಇದು ಬರೀ ಹೊಟ್ಟೆಪಾಡಿನ ಕೆಲಸ. ಭಾನುವಾರ ಮನೆಗೆ ಬನ್ನಿ, ಒಂದು ಅಪರೂಪದ್ದನ್ನು ತೋರಿಸುತ್ತೇನೆ."

ಅವನು ಸಂತೋಷದಿಂದ ಕೈಕುಲುಕಿ ಹೋದ. ಅಂದು ಗುರುವಾರ. ಮನೆಯಲ್ಲಿ ನನ್ನ ಬಳಿ ಇದ್ದ ಚಿತ್ರವೆಂದರೆ ಕಾಫಿಪುಡಿ ಅಂಗಡಿಯ ಕ್ಯಾಲೆಂಡರು ಮಾತ್ರ. ಆದರೂ ನನಗೆ ಎಳ್ಳಷ್ಟೂ ಅಳುಕಾಗಲಿಲ್ಲ. ಪ್ಯಾರಿಸಿನವನ ಬಳಿಯೂ ಮೊದಲು ಏನಿತ್ತು? ಬರೀ ಟೋಪಿ! ಸಂಜೆ ಬರುತ್ತಾ ಚಿಕ್ಕಪೇಟೆಯಲ್ಲಿ ಒಂದು ಭೂತಕನ್ನಡಿ ಕೊಂಡುಕೊಂಡೆ.

ಅದೇ ಸಂಜೆ ಕಮಲ ತ್ಯಾಗರಾಜನಗರದ ತನ್ನ ಅಕ್ಕನ ಮನೆಗೆ ಹೊರಟಿದ್ದಳು. ಅಕ್ಕನ ಸೊಸೆಯ ಸೀಮಂತ.

"ಶನಿವಾರ ಸಂಜೆಗೆ ಬಂದ್ಬಿಡ್ತೀನಿ. ಎರಡೂ ದಿನ ನನ್ನ ದೇವರಿಗೆ ದೀಪ ಹಚ್ರೀ. ಪುಸ್ತಕ ಓದ್ತಾ ಮರೆತುಬಿಡ್ಬೇಡಿ."

ಅವಳ ದೇವರ ವಿಷಯ ಇಲ್ಲಿ ಹೇಳಬೇಕು. ಮದುವೆಯಲ್ಲಿ ಅವಳ ತಾಯಿ ಮಗಳ ಕೈಗೆ ಕೊಟ್ಟು ಕಳಿಸಿದ ಪಟ ಅದು. ಆ ತಾಯಿಗೆ ಅವರ ತಾಯಿ ಕೊಟ್ಟದ್ದಂತೆ. ಎಷ್ಟು ತಲೆಮಾರಿನ ದೀಪದ ಕುಡಿ, ಊದುಬತ್ತಿ, ಸಾಂಬ್ರಾಣಿ ಹೊಗೆ ಅದಕ್ಕೆ ಹಿಡಿದಿತ್ತೋ, ಚೌಕಟ್ಟಿನೊಳಗೆ ಕಾಣುತ್ತಿದ್ದದ್ದು ಬರೀ ಕಪ್ಪು. ಕಮಲ ಅದನ್ನು ರಾಮಪಟ್ಟಾಭಿಷೇಕ ಎನ್ನುತ್ತಿದ್ದಳು. ನಮ್ಮ ತಂದೆ ಬದುಕಿದ್ದಾಗ ರಂಗನಾಥನಿರಬೇಕು ಎಂದಿದ್ದರು. ಮಗಳು ಚಿಕ್ಕವಳಿದ್ದಾಗ ಅದಕ್ಕೆ 'ಅಮಾವಾಸ್ಯೆ ದೇವರು' ಎಂದು ಹೆಸರಿಟ್ಟು ಏಟು ತಿಂದಿದ್ದಳು. ಒರೆಸಿ ನೋಡೋಣವೆಂದರೆ ಕಮಲ ಬಿಡುತ್ತಿರಲಿಲ್ಲ. "ಅಲುಗಿಸಬೇಡ, ಉಜ್ಜಬೇಡ, ಹೂ ಏರಿಸಿ ಕೈಮುಗಿ" ಎಂದು ತಾಯಿ ಹೇಳಿದ್ದರಂತೆ. ದಿನಾ ಬೆಳಿಗ್ಗೆ ಮಿಂದು ಅದಕ್ಕೆ ದೀಪ ಹಚ್ಚಿದ ಮೇಲೆಯೇ ಅವಳ ಬಾಯಿಗೆ ನೀರು. ಜ್ವರ ಬಂದಾಗಲೂ ಇದು ತಪ್ಪಿದ್ದನ್ನು ನಾನು ಕಂಡಿಲ್ಲ.

ಶುಕ್ರವಾರ ಹೊಟ್ಟೆನೋವೆಂದು ರಜೆಗೆ ಬರೆದು, ಕ್ಲೋಸ್ ಕೋಟು ತೊಟ್ಟು, ಭೂತಕನ್ನಡಿಯನ್ನು ಜೇಬಿಗಿಳಿಸಿ, ಸೈಕಲ್ಲೇರಿದೆ. ಹಳ್ಳಿಗಳಲ್ಲಿ ಬೆಲೆ ತಿಳಿಯದ ಜನರ ಮನೆಗಳಲ್ಲಿ ಅಮೂಲ್ಯ ಚಿತ್ರಗಳು ಬಿದ್ದಿರುತ್ತವೆ ಎಂದು ಆ ಕಾದಂಬರಿ ಸ್ಪಷ್ಟವಾಗಿ ಹೇಳಿತ್ತು. ಬನಶಂಕರಿ ಗುಡಿ ದಾಟಿದ ಮೇಲೆ ಊರೇ ಮುಗಿಯಿತು. ಮುಂದೆ ಕೆಂಪು ಮಣ್ಣಿನ ಗಾಡಿ ಜಾಡು, ಎರಡೂ ಕಡೆ ಅವರೆ, ರಾಗಿ. ಪ್ಯಾರಿಸಿನವನಿಗೆ ಬಿರುಗಾಳಿ ಎದುರಾದ ಹಾಗೆ ನನಗೊಂದು ನಾಯಿ ಎದುರಾಯಿತು. ಅದು ಬೊಗಳಿದ್ದಷ್ಟೇ. ಗದ್ದೆಯ ಕಾಲುವೆಗೆ ಬಿದ್ದದ್ದು ನಾನಾಗಿಯೇ. ಎದ್ದು ನೋಡಿದರೆ ಕನ್ನಡಕ ನೆಟ್ಟಗಿತ್ತು, ಭೂತಕನ್ನಡಿಯೂ ನೆಟ್ಟಗಿತ್ತು. ಸಾಹಸ ಶುರುವಾಯಿತು ಎಂದು ಉಬ್ಬಿಹೋದೆ.

ಒದ್ದೆ ಕೋಟಿನಲ್ಲಿ ಚಿಕ್ಕಲಸಂದ್ರ ಸೇರಿ, ಮೊದಲ ಮನೆಯ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದ ಮುದುಕಿಯೊಬ್ಬಳನ್ನು ಕುಡಿಯಲು ನೀರು ಕೇಳಿದೆ. ಮುನಿಯಮ್ಮ ಎಂದು ಹೆಸರು. ನನ್ನ ಸ್ಥಿತಿ ನೋಡಿ, "ಅಯ್ಯೋ, ಮೈಮ್ಯಾಲೇ ಇಷ್ಟು ನೀರೈತಲ್ಲ ಸಾಮಿ!" ಎಂದಳು. ಆದರೂ ಒಳಗೆ ಕರೆದು ಮಜ್ಜಿಗೆ ಕೊಟ್ಟಳು. ಚೊಂಬೆತ್ತಿ ಕುಡಿಯುವಾಗ ಗೋಡೆಯ ಮೇಲೆ ಕಂಡೆ!

ಬೆಣ್ಣೆ ಕೃಷ್ಣ! ಗಾಜಿನ ಹಿಂದೆ ಥಳಥಳ ಹೊಳೆಯುತ್ತಿದ್ದ. ಪಂಚೆಗೆ ಜರಿ, ಕಿರೀಟಕ್ಕೆ ಚಮಕಿ, ಕೆನ್ನೆಗೆ ಗುಲಾಬಿ ಬಣ್ಣ. ಭೂತಕನ್ನಡಿ ತೆಗೆದು ಬೆಣ್ಣೆಯನ್ನು ಪರೀಕ್ಷಿಸಿದೆ. ಬೆಣ್ಣೆ ಎಷ್ಟು ನಿಜವಾಗಿತ್ತೆಂದರೆ ನನಗೆ ಮಜ್ಜಿಗೆ ಸಾಕೆನ್ನಿಸಿತು. 'ಇದೇ!' ಎಂದು ನನ್ನ ಅಂತರಾತ್ಮ ಫ್ರೆಂಚಿನಲ್ಲಿ ಕೂಗಿತು.

"ಅಜ್ಜಿ, ಈ ಪಟ ಕೊಡ್ತೀರಾ? ಕೇಳಿದ ಬೆಲೆ ಕೊಡ್ತೀನಿ."

ಮುನಿಯಮ್ಮ ಕೆಂಡವಾದಳು. "ಏನ್ ಸಾಮಿ ಹಂಗಂತೀರಾ? ದ್ಯಾವ್ರನ್ನ ಯಾರಾನ ಮಾರ್ತಾರಾ? ಅದೇನು ಕುರಿಯಾ, ಕೋಳಿಯಾ?"

"ಕೋಪ ಮಾಡ್ಕೋಬೇಡಿ. ಭಕ್ತಿಯಿಂದ ಕೇಳ್ದೆ."

"ಭಕ್ತಿ ಇದ್ರೆ ಕೈಮುಗೀರಿ. ದ್ಯಾವ್ರಿದ್ದ ಗೋಡೆ ಬರಿದು ಮಾಡಬಾರ್ದು. ಮನೆಗಾಗಕಿಲ್ಲ."

ಇಲ್ಲಿ ನೋಡಿ, ನನ್ನೊಳಗಿನ ವ್ಯಾಪಾರಿ ಎದ್ದು ಕೂತ. "ಗೋಡೆ ಬರಿದಾಗದ ಹಾಗೆ ಇನ್ನೊಂದು ದೇವರು ಬಂದರೆ?"

ಮುನಿಯಮ್ಮ ಅವರೆಕಾಯಿ ಸುಲಿಯುವುದನ್ನು ನಿಲ್ಲಿಸಿದಳು. ಮಾರುವುದು ಪಾಪ. ಆದರೆ ದೇವರಿಗೆ ದೇವರು ಬಂದರೆ ಅದು ಮಾರಿದಂತಲ್ಲ, ನೆಂಟಸ್ತನ ಮಾಡಿದಂತೆ ಎಂದು ಅವಳ ತೀರ್ಮಾನ. ಒಂದೇ ಷರತ್ತು. "ಅಂಗಡಿಯಿಂದ ಹೊಸದು ತಂದ್ರೆ ಒಲ್ಲೆ. ಪೂಜೆ ಆಗಿರೋ ಹಳೇ ದ್ಯಾವ್ರಾಗ್ಬೇಕು. ದೀಪ ಕಂಡಿರೋ ದ್ಯಾವ್ರಾದ್ರೆ ತಗಂಬನ್ನಿ."

ಪೂಜೆಯಾಗಿರುವ ಹಳೆಯ ದೇವರು! ದೀಪ ಕಂಡಿರುವ ದೇವರು! ಜಯನಗರದಲ್ಲೆಲ್ಲ ಅಷ್ಟೊಂದು ದೀಪ ಕಂಡ ದೇವರು ಬೇರೆ ಯಾವುದಿತ್ತು?

ಮನೆಗೆ ಬಂದು ದೇವರ ಮನೆಯಲ್ಲಿ ಕೆಲಹೊತ್ತು ನಿಂತೆ. ಮನಸ್ಸು ಚುಚ್ಚಲಿಲ್ಲವೆಂದಲ್ಲ. ಚುಚ್ಚಿತು. ಆದರೆ ನಾನು ಅದಕ್ಕೆ ಬುದ್ಧಿ ಹೇಳಿದೆ. ಕಣ್ಣಿಲ್ಲ, ಮೂಗಿಲ್ಲ, ಯಾರೆಂದು ಗೊತ್ತಿಲ್ಲ. ಇದರ ಬದಲು ಕಮಲನಿಗೆ ಕಣ್ಣು ಮೂಗು ಚೆನ್ನಾಗಿರುವ ಹೊಸ ರಾಮನನ್ನೇ ತಂದುಕೊಟ್ಟರೆ ಅವಳಿಗೇ ಸಂತೋಷವಲ್ಲವೇ? ಪಟವನ್ನು ಪಂಚೆಯಲ್ಲಿ ಸುತ್ತಿ ಕ್ಯಾರಿಯರಿಗೆ ಬಿಗಿದೆ. ಮಧ್ಯಾಹ್ನವೇ ಚಿಕ್ಕಲಸಂದ್ರದಲ್ಲಿ ದೇವರ ಅದಲುಬದಲು ಸಾಂಗವಾಗಿ ನೆರವೇರಿತು. ಮುನಿಯಮ್ಮ ಕಪ್ಪು ಪಟಕ್ಕೆ ಆರತಿ ಎತ್ತಿ ಒಳಗೆ ಬರಮಾಡಿಕೊಂಡಳು. ನಾನು ಬೆಣ್ಣೆ ಕೃಷ್ಣನನ್ನು ಕಟ್ಟಿಕೊಂಡು, ಹಾದಿಯುದ್ದಕ್ಕೂ ಸಿಳ್ಳೆ ಹಾಕುತ್ತ ಮನೆ ಸೇರಿದೆ. ಮುದುಕಿಗೆ ಮೋಸ ಮಾಡಿದೆನೇನೋ ಎಂದು ಮರುಕವೂ ಆಯಿತು.

ಶನಿವಾರ ಸಂಜೆ ಕಮಲ ಬಂದಳು. ಕೈಕಾಲು ತೊಳೆದು, ಸೀಮಂತದ ಎಳ್ಳುಬೆಲ್ಲದ ಚಿಗಳಿ ಉಂಡೆ ನನ್ನ ಕೈಗಿಟ್ಟು ದೇವರ ಮನೆಗೆ ಹೋದಳು. ಒಳಗಿಂದ ಬೆಂಕಿಕಡ್ಡಿ ಗೀರಿದ ಸದ್ದು ಕೇಳಿತು.

"ರೀ," ಎಂದಳು. "ನನ್ನ ದೇವರು ಎಲ್ಲಿ?"

"ಹಾಲ್‌ನಲ್ಲಿ ನೋಡು ಕಮಲಾ! ಕೃಷ್ಣ ಬಂದಿದ್ದಾನೆ. ಏನು ಕಳೆ, ಏನು ಹೊಳಪು!"

"ಯಾರು ಬಂದಿದ್ದಾರೆ ಅಂತ ಕೇಳ್ಲಿಲ್ಲ ನಾನು. ಯಾರು ಹೋದ್ರು ಅಂತ ಕೇಳ್ದೆ."

ಹೇಳಿದೆ. ಕಲೆಯ ಮಹತ್ವ, ವಿನಿಮಯದ ತತ್ವ, ಫ್ರೆಂಚರ ಅಭಿರುಚಿ ಎಲ್ಲವನ್ನೂ ಸವಿಸ್ತಾರವಾಗಿ ಹೇಳಿದೆ. ಬೈಯುತ್ತಾಳೆ ಎಂದು ಸಿದ್ಧನಾಗಿದ್ದೆ, ಅವಳು ಬೈಯಲಿಲ್ಲ. ಹೊಸ್ತಿಲ ಮೇಲೆ ಕೂತುಬಿಟ್ಟಳು.

"ಅಮ್ಮ ಹೋಗೋ ಮುಂಚೆ ಮಾತೆಲ್ಲಾ ನಿಂತು ಹೋಗಿತ್ತು ಕಣ್ರೀ," ಎಂದಳು. "ನನ್ನ ಕೈ ಹಿಡ್ಕೊಂಡು ದೀಪ ಹಚ್ಚೋ ಹಾಗೆ ಸನ್ನೆ ಮಾಡಿದ್ಲು. ಹಚ್ತಿದೀನಮ್ಮಾ ಅಂದೆ. ಆಮೇಲೆ ಕಣ್ಣು ಮುಚ್ಚಿದ್ಲು. ಇವತ್ತು ಯಾರಿಗೆ ಹಚ್ಲಿ?"

ಕೈಯಲ್ಲಿದ್ದ ಚಿಗಳಿಯನ್ನು ಕೆಳಗಿಟ್ಟೆ.

"ಭಾನುವಾರ ಒಂದು ಕಳೀಲಿ ಕಮಲಾ..."

"ಕಳೀಲಿ. ನನ್ನ ದೇವರು ಮನೆಗೆ ಬರೋವರೆಗೂ ನಾನು ಅನ್ನ ಮುಟ್ಟಲ್ಲ."

ಹೇಳಿದ್ದಷ್ಟೇ ಅಲ್ಲ, ಎದ್ದು ಹೋಗಿ ನನಗೆ ಬಿಸಿ ಅಡುಗೆ ಮಾಡಿದಳು. ಎಲೆ ಹಾಕಿ ಬಡಿಸಿದಳು. ಒಂದು ಮಿಳ್ಳೆ ತುಪ್ಪ ಹೆಚ್ಚಿಗೆ ಹಾಕಿದಳು! ಆ ತುಪ್ಪ ನನಗೆ ಮಾಡಿದ ಹಿಂಸೆಯನ್ನು ಯಾವ ಬೈಗುಳವೂ ಮಾಡುತ್ತಿರಲಿಲ್ಲ. ತಾನು ಬರೀ ನೀರು ಕುಡಿದು ಮಲಗಿದಳು. ಬೆಳಿಗ್ಗೆ ಎದ್ದು ನನಗೆ ಕಾಫಿ ಕೊಟ್ಟು, ತಾನು ಕುಡಿಯಲಿಲ್ಲ. ಕಮಲ ಕಾಫಿ ಬಿಟ್ಟಳು ಎಂದರೆ ಸೂರ್ಯ ಹುಟ್ಟುವುದನ್ನು ಬಿಟ್ಟ ಹಾಗೆ. ನನಗೆ ನಿಜವಾಗಿ ಹೆದರಿಕೆಯಾಯಿತು.

ಹತ್ತು ಗಂಟೆಗೆ ಫ್ರೆಂಚ್ ಸಾಹೇಬ ತನ್ನ ಕಾರಿನಲ್ಲಿ ಬಂದ. ಬೀದಿಯವರೆಲ್ಲ ಕಾಂಪೌಂಡಿಗೆ ಬಂದು ನಿಂತರು. ಸಾಹೇಬ ಬೆತ್ತದ ಕುರ್ಚಿಯಲ್ಲಿ ಕೂತು ಕಾಫಿಯನ್ನು ಹೊಗಳಿ, ಕೃಷ್ಣನ ಮುಂದೆ ನಿಂತ. ನನ್ನ ಭೂತಕನ್ನಡಿಯನ್ನು ಕೇಳಿ ತೆಗೆದುಕೊಂಡ. ಅವನು ಬೆಣ್ಣೆಯನ್ನು ನೋಡಲೇ ಇಲ್ಲ! ಚೌಕಟ್ಟಿನ ಕೆಳಗಿನ ಅಂಚಿಗೆ ಬಗ್ಗಿ, ಬಹಳ ವಿನಯದಿಂದ ನನ್ನನ್ನೂ ಬಗ್ಗಲು ಹೇಳಿದ. ಅಲ್ಲಿ ಚಿಕ್ಕ ಚಿಕ್ಕ ಇಂಗ್ಲಿಷ್ ಅಕ್ಷರಗಳಲ್ಲಿ ಮುದ್ರಣಾಲಯದ ಹೆಸರಿತ್ತು.

"ಇದು ಅಚ್ಚು ಹಾಕಿದ್ದು," ಎಂದ ಸಾಹೇಬ. "ಜರಿ ಮತ್ತು ಚಮಕಿಯನ್ನು ಆಮೇಲೆ ಯಾರೋ ಅಂಟಿಸಿದ್ದಾರೆ. ಅಂಟಿಸಿದವರು ಶ್ರದ್ಧೆಯಿಂದ ಅಂಟಿಸಿದ್ದಾರೆ."

ನನ್ನನ್ನು ಸಮಾಧಾನಪಡಿಸಲು ಕೊನೆಯ ಮಾತು ಹೇಳಿದ್ದು. ನಾನು ಕ್ಯಾಲೆಂಡರಿನ ಅಣ್ಣನನ್ನು ಹೊತ್ತು ತಂದಿದ್ದೆ! ಭೂಮಿ ಬಾಯಿ ಬಿಡಬಾರದೇ ಎಂದು ನೆಲ ನೋಡುತ್ತ ನಿಂತೆ. ಸಾಹೇಬನ ಕಣ್ಣು ಅಷ್ಟರಲ್ಲಿ ತೆರೆದಿದ್ದ ದೇವರ ಮನೆಯ ಬಾಗಿಲಿನತ್ತ ಹೋಯಿತು. ಹೊಗೆ ಹಿಡಿದ ಗೋಡೆಯಲ್ಲಿ ಪಟವಿದ್ದಷ್ಟು ಜಾಗ ಮಾತ್ರ ಬೆಳ್ಳಗೆ ಕಾಣುತ್ತಿತ್ತು.

"ಅಲ್ಲಿ ಏನಿತ್ತು?"

"ಏನಿಲ್ಲ. ಒಂದು ಕಪ್ಪು ಪಟ. ನನ್ನ ಹೆಂಡತಿಯ ಅಜ್ಜಿಯ ಕಾಲದ್ದು. ಏನೂ ಕಾಣುತ್ತಿರಲಿಲ್ಲ."

"ಹಿಂಭಾಗ ಕಾಗದವೋ, ಮರವೋ?"

ಕ್ಯಾರಿಯರಿಗೆ ಬಿಗಿಯುವಾಗ ಕೈಗೆ ಹತ್ತಿದ್ದು ನೆನಪಾಯಿತು. "ಮರ. ದಪ್ಪ ಹಲಗೆ."

ಸಾಹೇಬ ಕಾಫಿ ಲೋಟ ಕೆಳಗಿಟ್ಟ. ನಮ್ಮ ಕಡೆ ಹಳೆಯ ಚಿತ್ರಗಾರರು ಹಲಗೆಯ ಮೇಲೆ ಚಿನ್ನದ ರೇಕು ಇಟ್ಟು ಬರೆಯುತ್ತಿದ್ದರಂತೆ. ಅಂಥದ್ದೊಂದನ್ನು ಕಾಣಲು ತಾನು ಈ ಊರಿಗೆ ಬಂದಂದಿನಿಂದ ಹುಡುಕುತ್ತಿದ್ದಾನಂತೆ. ಹೊಗೆ ಹಿಡಿದಿದ್ದರೆ ಇನ್ನೂ ಒಳ್ಳೆಯದಂತೆ! "ಅದು ಈಗ ಎಲ್ಲಿದೆ?"

ನಾನು ಬಾಯಿ ತೆರೆಯುವ ಮೊದಲೇ ಒಳಗಿಂದ ಕಮಲ ಬಂದಳು. ಇಂಗ್ಲಿಷ್ ಎಷ್ಟು ಅರ್ಥವಾಗಿತ್ತೋ, ಸೆರಗು ಸಿಕ್ಕಿಸಿ, ಗೋಡೆಯಿಂದ ಕೃಷ್ಣನನ್ನು ಇಳಿಸಿ, ಕಂಕುಳಲ್ಲಿಟ್ಟುಕೊಂಡು ಕಾರಿನ ಕಡೆ ಹೊರಟಳು.

"ಎಲ್ಲಿಗೆ?" ಎಂದೆ.

"ಚಿಕ್ಕಲಸಂದ್ರಕ್ಕೆ. ಬರೋದಾದ್ರೆ ಬನ್ನಿ."

ನಾನು ಮುಂದೆ ಕೂತು ದಾರಿ ತೋರಿಸುವ ಹೊಣೆ ಹೊತ್ತೆ. ಹೋಗಿದ್ದ ದಾರಿ ತಾನೇ! ಆದರೆ ಸೈಕಲ್ಲಿಂದ ಬೀಳುತ್ತ ಏಳುತ್ತ ಕಂಡ ದಾರಿಗೂ ಕಾರಿನಲ್ಲಿ ಕೂತು ಕಾಣುವ ದಾರಿಗೂ ಬಹಳ ವ್ಯತ್ಯಾಸವಿದೆ. ಬಲಕ್ಕೆ ಎಂದೆ, ಮತ್ತೆ ಬಲಕ್ಕೆ ಎಂದೆ. ಹೊಸಕೆರೆಹಳ್ಳಿಯ ಕೆರೆ ಬಂತು. ಕೆರೆ ಸುಂದರವಾಗಿದೆ ಎಂದು ಸಾಹೇಬ ಹೇಳುತ್ತಿದ್ದಂತೆಯೇ ಕಾರಿನ ಹಿಂದಿನ ಚಕ್ರ ಕೆಸರಿಗೆ ಇಳಿಯಿತು. ನಾನೂ ಇಳಿದೆ. ತಳ್ಳಿದೆ. ಕಾರು ಮೇಲಕ್ಕೆ ಬಂತು, ಕೆಸರು ನನ್ನ ಮೇಲಕ್ಕೆ ಬಂತು. ಆ ಹೊತ್ತಿಗೆ ಕಮಲ ಹುಲ್ಲುಹೊರೆ ಹೊತ್ತು ಬರುತ್ತಿದ್ದ ಹೆಂಗಸೊಬ್ಬಳನ್ನು ದಾರಿ ಕೇಳಿ ತಿಳಿದುಕೊಂಡಿದ್ದಳು. ಅಲ್ಲಿಂದ ಮುಂದಕ್ಕೆ ಅವಳೇ ಹಿಂದಿನ ಸೀಟಿನಿಂದ ಕೈ ತೋರಿಸಿದಳು, ಸಾಹೇಬ ಅತ್ತ ತಿರುಗಿಸಿದ. ನನ್ನನ್ನು ಯಾರೂ ಏನೂ ಕೇಳಲಿಲ್ಲ.

ಮುನಿಯಮ್ಮನ ಮನೆಯ ಮುಂದೆ ಮಾವಿನ ತೋರಣ! ಒಳಗೆ ಹೊಕ್ಕೆವು.

ಗೋಡೆಯ ಮೇಲೆ ಶ್ರೀರಾಮ ಪಟ್ಟಾಭಿಷೇಕ! ಹಸುರು ಮೈಯ ರಾಮ, ಪಕ್ಕದಲ್ಲಿ ತಲೆ ಸ್ವಲ್ಪ ಬಾಗಿಸಿದ ಸೀತೆ, ಛತ್ರ ಚಾಮರ ಹಿಡಿದ ತಮ್ಮಂದಿರು, ಕಾಲ ಬಳಿ ಹನುಮಂತ. ಕಿರೀಟ, ಸಿಂಹಾಸನ, ಕಂಬ ಎಲ್ಲಕ್ಕೂ ಚಿನ್ನ. ಬಾಗಿಲ ಬೆಳಕು ಬಿದ್ದು ಮನೆಯೆಲ್ಲ ಹಳದಿಯಾಗಿತ್ತು. ಸಾಹೇಬ ಟೋಪಿ ತೆಗೆದು ತನ್ನ ಭಾಷೆಯಲ್ಲಿ ಏನೋ ಗೊಣಗಿದ.

"ಅಜ್ಜಿ, ಇದು ನಾನು ಕೊಟ್ಟ ಪಟವೇ?" ಎಂದೆ.

"ಊಂ ಮತ್ತೆ! ಗಾಜಿನ ಮ್ಯಾಲೆ ಏನು ಕೊಳೆ ಸಾಮಿ ಅದು! ಹುಣಸೇಹಣ್ಣು, ಬೂದಿ ಹಾಕಿ ತಿಕ್ಕಿದೆ. ನಿಮ್ಮನೇಲಿ ಯಾರೂ ಒರಸಾಕಿಲ್ವಾ?"

ಗಾಜಿನ ಮೇಲೆ! ಹೊಗೆ ಹಿಡಿದದ್ದು ಚಿತ್ರಕ್ಕಲ್ಲ, ಗಾಜಿಗೆ! ಇಪ್ಪತ್ತು ವರ್ಷ ರಾಮನೋ ರಂಗನಾಥನೋ ಎಂದು ವಾದ ಮಾಡಿದ ವಿದ್ಯಾವಂತರ ಮನೆ ನಮ್ಮದು.

ಸಾಹೇಬ ನನ್ನ ಕೋಟಿನ ತೋಳು ಹಿಡಿದ. ಎಷ್ಟು ಬೇಕಾದರೂ ಕೊಡುತ್ತೇನೆ, ಕೇಳಿ ಎಂದ. ನಾನು ಕೇಳಿದೆ. ಮುನಿಯಮ್ಮ ಸಾಹೇಬನನ್ನು ಮೇಲಿಂದ ಕೆಳಗೆ ನೋಡಿದಳು.

"ಈ ಕೆಂಪು ಮೂತಿ ದೊರೆಗೂ ಅದೇ ಬುದ್ಧಿಯಾ? ಈ ದ್ಯಾವ್ರು ಕಾಲಿಟ್ಟ ಮಾರ್ನೇ ದಿನ ನಮ್ಮೆಮ್ಮೆ ಈಯ್ತು. ಹೆಣ್ಣು ಕರ! ಪ್ರಾಣ ಹೋದ್ರೂ ಬುಡಾಕಿಲ್ಲ."

"ಏನು ಹೇಳುತ್ತಾರೆ?" ಎಂದ ಸಾಹೇಬ.

"ಎಮ್ಮೆ ಕರು ಹಾಕಿದೆ ಎನ್ನುತ್ತಾರೆ."

"ಚಿತ್ರಕ್ಕೂ ಎಮ್ಮೆಗೂ ಏನು ಸಂಬಂಧ?"

"ಇದು ನಮ್ಮಲ್ಲಿ ಕಲಾವಿಮರ್ಶೆಯ ಒಂದು ಪದ್ಧತಿ," ಎಂದೆ.

ಆಮೇಲೆ ಕಚೇರಿಯ ಅನುಭವವನ್ನೆಲ್ಲ ಒಟ್ಟುಗೂಡಿಸಿ ಮುನಿಯಮ್ಮನಿಗೆ ತಿಳಿಹೇಳಿದೆ. ಸದರಿ ವಿನಿಮಯವು ತಪ್ಪು ತಿಳಿವಳಿಕೆಯಿಂದ ನಡೆದಿದೆ, ಆದಕಾರಣ ರದ್ದಾಗತಕ್ಕದ್ದು, ಕೃಷ್ಣನನ್ನು ವಾಪಸು ತಂದಿದ್ದೇನೆ ಎಂದೆ.

"ಕೊಟ್ಟೋನು ನೀನು, ಇಸ್ಕೊಂಡೋಳು ನಾನು. ದ್ಯಾವ್ರೇ ಸಾಕ್ಷಿ. ಕಪ್ಪಗಿದ್ದಾಗ ಬ್ಯಾಡ, ಬೆಳ್ಳಗಾದಾಗ ಬೇಕಾ? ನಡಿ ಆಚೆಗೆ!"

'ಸಾಮಿ' ಹೋಗಿ 'ನೀನು' ಆಗಿದ್ದೆ. ಮುದುಕಿಯ ಕೈ ಮೂಲೆಯ ಪೊರಕೆಯ ಕಡೆ ಹೋಗುವುದು ಕಂಡು ನಾನು ಸಾಹೇಬನ ಹಿಂದೆ ಸರಿದೆ. ಅಲ್ಲಿಗೆ ಎಲ್ಲ ಮುಗಿಯಿತು ಎಂದುಕೊಂಡೆ. ಕಮಲ ಇನ್ನು ಊಟ ಮಾಡುವುದಿಲ್ಲ. ನಾನು ಜನ್ಮವಿಡೀ ತುಪ್ಪ ಹಾಕಿಸಿಕೊಂಡು ಒಬ್ಬನೇ ಉಣ್ಣಬೇಕು.

ಆಗ ನೋಡಿದೆ. ಕಮಲ ನಮ್ಮ ಯಾರ ಮಾತೂ ಕೇಳುತ್ತಿರಲಿಲ್ಲ. ಗೋಡೆಯ ಮುಂದೆ ನೆಲದ ಮೇಲೆ ಕೂತು, ಪಟ ನೋಡುತ್ತ ಅಳುತ್ತಿದ್ದಳು.

ಮುನಿಯಮ್ಮ ಪೊರಕೆ ಬಿಟ್ಟಳು. "ಯಾಕವ್ವಾ? ಯಾಕಳ್ತೀಯಾ?"

"ನಮ್ಮಮ್ಮನ ದೇವರು ಅಜ್ಜಿ," ಎಂದಳು ಕಮಲ. "ಮದುವೇಲಿ ಕೊಟ್ಟಿದ್ದು. ಮುಖ ಹೀಗಿದೆ ಅಂತ ನನಗೆ ಇವತ್ತೇ ಗೊತ್ತಾಗಿದ್ದು. ಅಮ್ಮನೂ ನೋಡ್ಲಿಲ್ಲ. ನೋಡದೇನೇ ನನ್ನ ಕೈಗೆ ಕೊಡೋವರೆಗೂ ದೀಪ ಹಚ್ಚಿದ್ಲು."

"ತವರಿನ ದ್ಯಾವ್ರಾ ಇದು?" ಮುದುಕಿಯ ದನಿಯೇ ಬದಲಾಯಿತು. "ನಿನ್ನ ಕೇಳ್ದೆ ಕೊಟ್ಬಿಟ್ನಾ ಇವನು?"

ಕಮಲ ಗಂಡನನ್ನು ಬಿಟ್ಟುಕೊಡುವವಳಲ್ಲ. ತಲೆ ತಗ್ಗಿಸಿದಳು, ಅಷ್ಟೆ. ಮುನಿಯಮ್ಮ ನ್ಯಾಯಾಧೀಶರ ಹಾಗೆ ನನ್ನ ಕಡೆ ತಿರುಗಿದಳು.

"ಅಲ್ಲಯ್ಯಾ, ಓದ್ಕಂಡೋನು ನೀನು. ಹೆಣ್ಮಗಳ ತವರಿಂದ ಬಂದಿದ್ದು ಒಂದು ಅರಿಶಿನದ ಕೊಂಬಾದ್ರೂ ಅವಳದ್ದು. ಗಂಡನಾದೋನು ಅದನ್ನ ಮುಟ್ತಾನಾ? ಮನೆಯಿಂದ ಆಚೆ ಹಾಕ್ತಾನಾ? ಥೂ! ಎಮ್ಮೆ ಇನ್ನೊಂದು ಹತ್ತು ಈದ್ರೂ ನಂಗೆ ಬ್ಯಾಡ ಈ ದ್ಯಾವ್ರು. ಹೆಣ್ಣು ಕಣ್ಣೀರು ಹಾಕಿದ ದ್ಯಾವ್ರನ್ನ ಮನೇಲಿಟ್ಕೊಂಡ್ರೆ ನಮ್ಗೆ ಒಳ್ಳೇದಾಗ್ತದಾ?"

"ಏನು ಹೇಳುತ್ತಾರೆ?" ಎಂದ ಸಾಹೇಬ.

"ನನ್ನ ಬಗ್ಗೆ ನಾಲ್ಕು ಒಳ್ಳೆಯ ಮಾತು," ಎಂದೆ.

ಸಾಹೇಬ ನನ್ನ ಮುಖ ನೋಡಿ, ಮುದುಕಿಯ ಮುಖ ನೋಡಿ, ಮುಂದೆ ಭಾಷಾಂತರ ಕೇಳಲಿಲ್ಲ.

ಮುನಿಯಮ್ಮ ತಾನೇ ಪಟ ಇಳಿಸಿದಳು. ಬೆಣ್ಣೆ ಕೃಷ್ಣ "ಬಾ ನನ್ನಪ್ಪಾ, ಊರು ಸುತ್ತಿದ್ದು ಸಾಕು" ಎಂಬ ಸ್ವಾಗತದೊಂದಿಗೆ ತನ್ನ ಗೋಡೆ ಸೇರಿದ. ಆಮೇಲೆ ಕಮಲನನ್ನು ಮಣೆಯ ಮೇಲೆ ಕೂರಿಸಿ, ಅರಿಶಿನ ಕುಂಕುಮ ಕೊಟ್ಟು, ಸೆರಗಿಗೆ ಅಕ್ಕಿ, ಕೊಬ್ಬರಿ, ಬೆಲ್ಲದಚ್ಚು, ವೀಳ್ಯದೆಲೆ ಹಾಕಿ ಮಡಿಲು ತುಂಬಿದಳು. ತವರಿಂದ ಹೆಣ್ಣುಮಗಳನ್ನು ಕಳಿಸುವಾಗ ಮಾಡುವುದನ್ನೆಲ್ಲ ಮಾಡಿದಳು. ತಾಯಿ ಹೋದ ಮೇಲೆ ಕಮಲನಿಗೆ ಯಾರೂ ಹಾಗೆ ಮಡಿಲು ತುಂಬಿರಲಿಲ್ಲ. ಅವಳು ಬಗ್ಗಿ ಮುದುಕಿಯ ಕಾಲಿಗೆರಗಿದಾಗ ಇಬ್ಬರೂ ಅತ್ತರು. ಸಾಹೇಬ ಬೇರೆ ಕಡೆ ನೋಡಿದ. ನಾನೂ ನೋಡಿದೆ.

"ವರ್ಸಕ್ಕೊಂದು ಸಲ ಅವರೆಕಾಯಿ ಕಾಲಕ್ಕೆ ಬಾ ಮಗಾ," ಎಂದಳು ಮುನಿಯಮ್ಮ. "ಒಬ್ಳೇ ಬಂದ್ರೂ ಸರಿ."

ಕಾರಿನ ಹಿಂದಿನ ಸೀಟಿನಲ್ಲಿ ಕಮಲನೂ ಅವಳ ದೇವರೂ. ಮಧ್ಯೆ ಒಂದು ಸಿಹಿಗುಂಬಳ, ಒಂದು ಮೂಟೆ ಅವರೆಕಾಯಿ. ಸಾಹೇಬ ದಾರಿಯಲ್ಲಿ ಒಮ್ಮೆ ಮಾತ್ರ, ಬಹಳ ಸಂಕೋಚದಿಂದ, ಮೇಡಂ ಎಂದಾದರೂ ಇದನ್ನು ಕೊಡುವ ಮನಸ್ಸು ಮಾಡುತ್ತಾರೆಯೇ ಎಂದು ಕೇಳಿದ. ನಾನು ಹಿಂದಕ್ಕೆ ತಿರುಗಿ ಕನ್ನಡದಲ್ಲಿ ಕೇಳಿದೆ. ಕಮಲ ಪಟದ ಮೇಲೆ ಬೆರಳಿಟ್ಟಳು.

"ಇಲ್ಲಿ ಕಾಲ ಹತ್ರ ಕೂತಿರೋನು ಯಾರು, ಹೇಳಿ?"

"ಹನುಮಂತ."

"ಅವನೂ ಹೊರಟಿದ್ದ. ಸಮುದ್ರ ಹಾರಿದ, ಲಂಕೆ ಸುಟ್ಟ, ಹೋದ ಕೆಲಸ ಮುಗಿಸ್ಕೊಂಡು ಬಂದ. ಅಷ್ಟೆಲ್ಲಾ ಮಾಡಿದೋನೇ ಬಂದು ತೆಪ್ಪಗೆ ಹೀಗೆ ಕೂತಿದ್ದಾನೆ. ನೀವು ಚಿಕ್ಕಲಸಂದ್ರದವರೆಗೆ ಹೋಗಿ, ಮನೇಲಿದ್ದ ದೇವರನ್ನೂ ಕಳ್ಕೊಂಡು ಬಂದ್ರಿ. ನೀವೆಲ್ಲಿ ಕೂರಬೇಕು, ನೀವೇ ಹೇಳಿ!"

ಸಾಹೇಬ ಕುತೂಹಲದಿಂದ ನನ್ನ ಕಡೆ ನೋಡಿದ. ಈ ಸಲ ಒಂದಕ್ಷರ ಬಿಡದೆ ಭಾಷಾಂತರಿಸಿದೆ. ಅವನು ಎಷ್ಟು ನಕ್ಕನೆಂದರೆ ಕಾರು ನಿಲ್ಲಿಸಿ ಕಣ್ಣೊರೆಸಿಕೊಳ್ಳಬೇಕಾಯಿತು. ಕಮಲನೂ ನಕ್ಕಳು. ನಾನೂ ನಗಬೇಕಾಯಿತು.

ಸಾಹೇಬ ನಮ್ಮನ್ನು ಮನೆಯ ಮುಂದೆ ಇಳಿಸಿ ಹೋದೊಡನೆ ಅವಳು ಪಟವನ್ನು ಅದರ ಜಾಗಕ್ಕೆ ಸೇರಿಸಿ ಮಿಂದು ದೀಪ ಹಚ್ಚಿದಳು. ಸೀತೆಯ ಮೂಗುತಿ ಮಿನುಗಿತು. ಅವಳು ಗೋಡೆ ಹಿಡಿದುಕೊಂಡೇ ಹೊರಗೆ ಬಂದಳು. "ನೀನು ಕೂತ್ಕೋ ಕಮಲಾ," ಎಂದೆ. ಬೆಳಿಗ್ಗೆ ನನಗಾಗಿ ಮಾಡಿಟ್ಟಿದ್ದ ಅಡುಗೆಯಿತ್ತು. ಎಲೆ ಹಾಕಿದೆ. ನಮ್ಮ ಸಂಸಾರದಲ್ಲಿ ಮೊದಲ ಬಾರಿ ಅವಳು ಕೂತಳು, ನಾನು ನಿಂತು ಬಡಿಸಿದೆ. ತುಪ್ಪ ಒಂದು ಮಿಳ್ಳೆ ಹೆಚ್ಚಿಗೆ ಹಾಕಿದೆ. ಸಾರು ಬಡಿಸುವಾಗ ಸೌಟು ಜಾರಿ ಅರ್ಧ ಎಲೆಗೆ, ಅರ್ಧ ಅವಳ ಸೀರೆಗೆ ಬಿತ್ತು.

ಕಮಲ ಸೀರೆ ನೋಡಿಕೊಂಡಳು. ತಲೆಯೆತ್ತಿ ನನ್ನನ್ನು ನೋಡಿದಳು.

"ಇದೂ ಬರಲ್ವಾ?"

ಬರುವುದಿಲ್ಲ ಎಂದು ಒಪ್ಪಿಕೊಂಡು ಬಟ್ಟೆ ತರಲು ಹೋದೆ. ಬಟ್ಟೆ ಎಲ್ಲಿರುತ್ತದೆ ಎಂಬುದೂ ನನಗೆ ಗೊತ್ತಿರಲಿಲ್ಲ.